ದೇಸಾಯರ ಕಾಡು ಮತ್ತು ಗುರುತು ಸುತ್ತಿಗೆ

ನಾನು ಒಂದು ಸುತ್ತಿಗೆ. ಹಾಗೆಂದ ಕೂಡಲೇ ನಿಮಗೆ ಗೋಡೆ, ಮೊಳೆ, ತೂಗುಹಾಕಿದ ಕ್ಯಾಲೆಂಡರು ನೆನಪಾಗಿರಬಹುದು. ನಾನು ಆ ಪೈಕಿ ಅಲ್ಲ. ನಾನು ಕಾಡಿನ ಗುರುತು ಸುತ್ತಿಗೆ. ಕಡಿಯಬೇಕಾದ ಮರದ ಮೈಮೇಲೆ ಅರಣ್ಯ ಇಲಾಖೆಯ ಮುದ್ರೆ ಒತ್ತುವುದು ನನ್ನ ಕೆಲಸವಾಗಿತ್ತು. ಆ ಮುದ್ರೆ ಇಲ್ಲದೆ ಒಂದು ದಿಮ್ಮಿಯೂ ನಾಕಾ ದಾಟುವ ಹಾಗಿರಲಿಲ್ಲ. ನನ್ನ ಕಾಲದಲ್ಲಿ ನನ್ನದೂ ಒಂದು ದರ್ಬಾರು ನಡೆದಿದೆ ಎಂದು ಹೇಳಿಕೊಂಡರೆ ತಪ್ಪೇನೂ ಇಲ್ಲ.

ಹುಟ್ಟಿದ್ದು ಕಲಘಟಗಿ ಸೀಮೆಯ ಒಂದು ಕುಲುಮೆಯಲ್ಲಿ. ಮುರಿದ ಚಕ್ಕಡಿಯ ಅಚ್ಚನ್ನು ಕಾಯಿಸಿ ಬಡಿದು ನನ್ನ ತಲೆ ಮಾಡಿದರು. ಒಂದು ಬದಿಗೆ ಚಪ್ಪಟೆ, ಇನ್ನೊಂದು ಬದಿಗೆ ಇಲಾಖೆಯ ಅಕ್ಷರಗಳು. ಮರದ ಮೇಲೆ ಸರಿಯಾಗಿ ಮೂಡಲಿ ಎಂದು ಅಕ್ಷರಗಳನ್ನು ತಿರುವುಮುರುವಾಗಿ ಕೊರೆದಿದ್ದರು. ಹಿಡಿಕೆ ಮಾತ್ರ ದಿಂಡಿಗದ ಕಟ್ಟಿಗೆಯದು. ಹೀಗಾಗಿ ನನ್ನ ಮೈಯಲ್ಲಿ ಅರ್ಧ ಕಾಡೇ ಇತ್ತು. ಇದನ್ನು ಆಗ ಯಾರೂ ನನಗೆ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ.

ನನ್ನನ್ನು ಮೊದಲು ಕೈಗೆತ್ತಿಕೊಂಡವನು ಫಾರೆಸ್ಟ್ ಗಾರ್ಡ್ ಗದಿಗೆಪ್ಪ. ಉದ್ದನೆಯ ಆಳು, ಮೈಗಿಂತ ದೊಡ್ಡ ಖಾಕಿ ಅಂಗಿ, ಮಾತು ಕಡಿಮೆ. ಗುರುತು ಹಾಕುವುದಕ್ಕೆ ಒಂದು ಪದ್ಧತಿ ಇತ್ತು. ಮರದ ಮುಂದೆ ನೇರ ನಿಂತು ಮೊದಲು ತನ್ನ ಎದೆ ಮುಟ್ಟಿಕೊಳ್ಳುತ್ತಿದ್ದ. ಅದೇ ಎತ್ತರದಲ್ಲಿ ಸಣ್ಣ ಕೊಡಲಿಯಿಂದ ತೊಗಟೆ ಕೆತ್ತಿ, ನನ್ನನ್ನು ಎತ್ತಿ ಒಂದು ಪೆಟ್ಟು ಹಾಕುತ್ತಿದ್ದ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ನೆಲದಿಂದ ಒಂದು ಗೇಣು ಮೇಲೆ ಬುಡಕ್ಕೆ ಇನ್ನೊಂದು ಪೆಟ್ಟು. ಎದೆಯ ಗುರುತು ದಿಮ್ಮಿಯ ಜೊತೆ ಹೋಗುತ್ತಿತ್ತು, ಬುಡದ ಗುರುತು ನೆಲದಲ್ಲಿ ನಿಂತ ಕೊರಡಿನಲ್ಲಿ ಉಳಿಯುತ್ತಿತ್ತು. ಕದ್ದು ಕಡಿದದ್ದೋ, ಹೇಳಿ ಕಡಿದದ್ದೋ ಎಂದು ಸಾಹೇಬರು ಕೊರಡು ನೋಡಿ ತಿಳಿದುಕೊಳ್ಳುತ್ತಿದ್ದರು. ಎದೆ ಮುಟ್ಟಿ ಹೊಡೆಯುವ ಈ ರೂಢಿ ಗದಿಗೆಪ್ಪನ ಕೈಗೆ ಎಷ್ಟು ಹತ್ತಿತ್ತೆಂದರೆ, ಮನೆಯಲ್ಲಿ ಅಂಗಿ ಗೂಟ ಬಡಿಯುವಾಗಲೂ ಮೊದಲು ಎದೆ ಮುಟ್ಟಿಕೊಳ್ಳುತ್ತಿದ್ದ. ಅವನ ಹೆಂಡತಿ ನೀಲವ್ವ ಅದನ್ನು ನೋಡಿ ನಗುತ್ತಿದ್ದಳು.

ಮರ ಅಂದರೆ ಏನೆಂಬುದು ನನಗೆ ಪೆಟ್ಟಿನಿಂದ ಗೊತ್ತು. ಮತ್ತಿ ಮರಕ್ಕೆ ಬಡಿದರೆ ನನಗೇ ತಿರುಗಿ ಪೆಟ್ಟು ಬೀಳುತ್ತಿತ್ತು, ಹಿಡಿಕೆಯುದ್ದಕ್ಕೂ ಜುಮ್ಮೆನ್ನುತ್ತಿತ್ತು. ಹೊನ್ನೆ, ನಂದಿ, ದಿಂಡಿಗ ಎಲ್ಲ ಅದೇ ಗಟ್ಟಿ ಕುಳಗಳು. ಬೂರಲಕ್ಕೆ ಬಡಿದರೆ ಮಾತ್ರ ತೇವದ ಗೋಡೆಗೆ ಬಡಿದ ಹಾಗೆ, ಒಳಗಿನಿಂದ ಉತ್ತರವೇ ಇಲ್ಲ. ಕಣ್ಣಿಗೆ ಎರಡೂ ಒಂದೇ ದಪ್ಪ. ತೂಕದಲ್ಲಿ ಮಾತ್ರ ಅಜಗಜಾಂತರ. ಮರದ ಒಣ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಇಂಗಾಲವೇ ಎಂಬುದನ್ನು, ಅದನ್ನು ಮರ ಗಾಳಿಯಿಂದ ಎಳೆದುಕೊಂಡು ಮೈಯಲ್ಲಿ ಕೂಡಿಡುತ್ತದೆ ಎಂಬುದನ್ನು ನಾನು ಕೇಳಿದ್ದು ಬಹಳ ತಡವಾಗಿ.

ಆ ದಿನಗಳಲ್ಲಿ ಹುಕುಂ ಸರಳವಾಗಿತ್ತು. ದೊಡ್ಡ ಮರ, ನೇರ ಮರ, ಗಟ್ಟಿ ಮರ ಹುಡುಕು, ಹೊಡೆ. ಸೊಟ್ಟ ಮರ, ಪೊಟರೆ ಬಿದ್ದ ಮರ, ಕೃಶ ಮರ ಬಿಡು. ನಾವು ಹಾಗೇ ಮಾಡಿದೆವು. ಕೆಲವು ವರ್ಷಗಳಲ್ಲಿ ಕಾಡಿನ ನೆತ್ತಿ ಹರಿದು ಬಿಸಿಲು ನೆಲಕ್ಕೆ ಬಿತ್ತು. ಬಿಸಿಲು ಬಿದ್ದಲ್ಲಿ ಹುಲ್ಲು ಬಂತು. ಹುಲ್ಲು ಬಂದಲ್ಲಿ ಬೇಸಿಗೆಗೆ ಬೆಂಕಿ ಬಂತು. ಬೆಂಕಿಗೆ ಎಳೆ ಸಸಿಗಳು ಸುಟ್ಟವು, ತರಗೆಲೆ ಸುಟ್ಟಿತು, ಮಣ್ಣಿನ ಮೇಲಿನ ಕರಿ ಪದರು ಮಳೆಗೆ ಕೊಚ್ಚಿ ಹೋಯಿತು. ಖಾಲಿಯಾದ ಜಾಗದಲ್ಲಿ ಸಾಗವಾನಿ ನೆಟ್ಟರು. ಸಾಲು ಸಾಲಾಗಿ ನೋಡಲು ಚಂದವೇ. ಆದರೆ ಅದರಡಿಗೂ ಪ್ರತಿ ಬೇಸಿಗೆ ಬೆಂಕಿ ಹರಿಯುತ್ತಿತ್ತು.

ಹಳ್ಳದ ಈಚೆ ದಂಡೆಗೆ ಇಲಾಖೆಯ ಕಾಡು, ಆಚೆ ದಂಡೆಗೆ ದೇಸಾಯರ ಕಾಡು. ಹಿಂದೆ ಯಾವ ಕಾಲಕ್ಕೋ ಬೇಟೆಗೆಂದು ಬಿಟ್ಟುಕೊಂಡಿದ್ದ ಗುಡ್ಡ. ಅದು ಖಾಸಗಿ ಆಸ್ತಿಯಾದ್ದರಿಂದ ನಾನು ಅಲ್ಲಿ ಒಂದು ಮರಕ್ಕೂ ಗುರುತು ಹಾಕಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಗದಿಗೆಪ್ಪ ಹಳ್ಳ ದಾಟಿ ಅಲ್ಲಿನ ನೆರಳಿಗೇ ಹೋಗುತ್ತಿದ್ದ. ಇಬ್ಬರು ತೋಳು ಚಾಚಿದರೂ ಅಪ್ಪಲಾಗದ ಮತ್ತಿಗಳು ಅಲ್ಲಿದ್ದವು. ಬಿದ್ದ ಮರಗಳು ಬಿದ್ದಲ್ಲೇ ಹಾವಸೆ ಹೊದ್ದು ಮಲಗಿದ್ದವು. ನೆಲ ಕಾಲಿಟ್ಟರೆ ತಗ್ಗುವಷ್ಟು ಮೆತ್ತಗಿತ್ತು. ಒಂದು ಸಲ ನನ್ನನ್ನು ಪಕ್ಕಕ್ಕಿಟ್ಟು, ರೊಟ್ಟಿ ಮುರಿಯುತ್ತ, ಯಾರಿಗೆಂದೂ ಅಲ್ಲದೆ ಹೇಳಿದ.

"ಆ ದಂಡೀಗೆ ಇದ್ದದ್ದೆಲ್ಲಾ ನನ್ನ ಕೈಲೇ ಹೋತು. ಇದೊಂದರ ಉಳೀಬೇಕು."

ಅವನಿಗೆ ಆ ಕಾಡಿನ ಮೇಲೆ ಪ್ರೀತಿ ಇತ್ತು. ಬಾಯಿಬಿಟ್ಟು ಹೇಳಿದ್ದು ಅಷ್ಟೇ.

ಮುಂದೆ ಸಹಜ ಕಾಡಿನಲ್ಲಿ ಹಸಿ ಮರ ಕಡಿಯುವುದು ನಿಂತಿತು. ನನಗೆ ಕೆಲಸ ತಪ್ಪಿತು. ರೇಂಜ್ ಕಚೇರಿಯ ಪೆಟ್ಟಿಗೆಯಲ್ಲಿ ಬೀಗಕ್ಕೆ ಬಿದ್ದು ತುಕ್ಕು ಹಿಡಿದೆ. ಒಂದು ದಿನ ಅರದಿಂದ ನನ್ನ ಅಕ್ಷರಗಳನ್ನು ತಿಕ್ಕಿ ಅಳಿಸಿ, ಹಳೆ ಸರಪಳಿ, ಒಡೆದ ಕಂದೀಲುಗಳ ಜೊತೆ ಹರಾಜಿಗೆ ಇಟ್ಟರು. ಒಂದು ಕಾಲಕ್ಕೆ ನಾಕಾ ನಡುಗಿಸಿದವರಿಗೆ ಇದು ಬರಬಾರದ ಗತಿ. ಆಗಷ್ಟೇ ನಿವೃತ್ತನಾಗಿದ್ದ ಗದಿಗೆಪ್ಪ ಬಂದು ನನ್ನನ್ನು ಎತ್ತಿಕೊಂಡು ಹೋದ. ನೀಲವ್ವ ಒಣಕೊಬ್ಬರಿ ಒಡೆಯುವುದಕ್ಕೆ ನನ್ನನ್ನು ಇಟ್ಟುಕೊಂಡಳು. ಕೊಬ್ಬರಿಗೂ ನಾನು ಗೌರವದಿಂದಲೇ ಪೆಟ್ಟು ಕೊಟ್ಟೆ.

ಹೀಗಿರುವಾಗ ಧಾರವಾಡದಿಂದ ವಿಜಯಾ ಹಂಚಿನಮನಿ ಬಂದಳು. ಕಾಡು ಎಷ್ಟು ಇಂಗಾಲ ಕೂಡಿಡುತ್ತದೆ, ಯಾವ ಕಾಡು ಹೆಚ್ಚು, ಯಾವುದು ಕಡಿಮೆ, ಯಾಕೆ ಎಂದು ಅಧ್ಯಯನ ಮಾಡುವವಳು. ದೇಸಾಯರ ಕಾಡು ಆಗ ಒಂದು ಟ್ರಸ್ಟಿನ ಕೈಯಲ್ಲಿತ್ತು. ಟ್ರಸ್ಟಿನ ಕಾರ್ಯದರ್ಶಿ ಪ್ರಲ್ಹಾದರಾವ್ ದೇಸಾಯರು ಅವಳಿಗೆ ಅನುಮತಿ ಕೊಟ್ಟರು, ಅವಳು ಗದಿಗೆಪ್ಪನನ್ನು ಕರೆದಳು. ಕಾಡಿನೊಳಗೆ ಅಲ್ಲಲ್ಲಿ ಚೌಕ ಗುರುತಿಸಿ, ಚೌಕದೊಳಗಿನ ಪ್ರತಿ ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ಅಳೆದು, ಅಲ್ಲೊಂದು ಬಣ್ಣದ ಗೆರೆ ಎಳೆದು, ಸಂಖ್ಯೆಯ ತಗಡು ಹೊಡೆಯಬೇಕು. ಮುಂದೆ ಕೆಲವು ವರ್ಷ ಬಿಟ್ಟು ಅದೇ ಗೆರೆಯ ಮೇಲೆ ಮತ್ತೆ ಅಳೆದರೆ ಮರ ಎಷ್ಟು ಬೆಳೆಯಿತು, ಎಷ್ಟು ಇಂಗಾಲ ಒಳಗೆ ಹೋಯಿತು ಎಂದು ತಿಳಿಯುತ್ತದೆ.

ಅವಳು ಮೆತ್ತನೆಯ ಅಲ್ಯೂಮಿನಿಯಂ ಮೊಳೆಗಳನ್ನೂ ಆಟಿಕೆಯಂಥ ಒಂದು ಸುತ್ತಿಗೆಯನ್ನೂ ತಂದಿದ್ದಳು. ಗದಿಗೆಪ್ಪ ಆ ಸುತ್ತಿಗೆಯನ್ನು ಅಂಗೈಯಲ್ಲಿ ತೂಗಿ ನೋಡಿ, ನಯವಾಗಿ ಬದಿಗಿಟ್ಟು ನನ್ನನ್ನು ತಂದ. ನನ್ನ ಪೆಟ್ಟಿಗೆ ಆ ಮೊಳೆಗಳು ಮಡಚಿಕೊಂಡವು. ಮತ್ತಿಯ ಮುಂದೆ ಅವು ಏನೇನೂ ಅಲ್ಲ. ಮರುದಿನ ಪೇಟೆಯಿಂದ ಕಬ್ಬಿಣದ ಮೊಳೆ ತಂದ. ವಿಜಯಾ ಆಚೆಯ ಚೌಕದಲ್ಲಿ ಟೇಪು ಹಿಡಿದು ನಿಂತಿದ್ದಳು. ಈಚೆ ಗದಿಗೆಪ್ಪ ಪ್ರತಿ ಮರದ ಮುಂದೆ ನಿಂತು, ಎದೆ ಮುಟ್ಟಿಕೊಂಡು, ಸರಿಯಾಗಿ ಬಣ್ಣದ ಗೆರೆಯ ಮೇಲೇ ತಗಡು ಇಟ್ಟು, ಮೊಳೆಯ ತಲೆ ತೊಗಟೆಯಲ್ಲಿ ಮುಳುಗುವಷ್ಟು ಬಡಿದ. ಗುರುತು ಅಂದಮೇಲೆ ಗುರುತು, ಅಳ್ಳಾಡಬಾರದು. ಇಷ್ಟು ವರ್ಷ ನನ್ನ ಗುರುತು ಬಿದ್ದ ಮರ ಬೀಳುತ್ತಿತ್ತು. ಈಗ ಗುರುತು ಬಿದ್ದ ಮರವನ್ನು ಯಾರೋ ನೋಡಿಕೊಳ್ಳುತ್ತಾರೆ. ಗದಿಗೆಪ್ಪ ಆ ದಿನಗಳಲ್ಲಿ ಸಿಳ್ಳೆ ಹಾಕುತ್ತ ಮನೆಗೆ ಹೋಗುತ್ತಿದ್ದ. ನನಗೂ ಖುಷಿಯಾಗಿತ್ತು.

ವರ್ಷಗಳು ಕಳೆದು ವಿಜಯಾ ಎರಡನೆಯ ಅಳತೆಗೆ ಬರುವ ಹೊತ್ತಿಗೆ ಗಾಳಿ ಬೇರೆಯಾಗಿತ್ತು. ಹೊಸದಾಗಿ ಗಿಡ ನೆಟ್ಟು ಬೆಳೆಸಿದರೆ, ಅವು ಎಳೆದುಕೊಂಡ ಇಂಗಾಲಕ್ಕೆ ಬೆಲೆ ಕಟ್ಟಿ ಕೊಡುತ್ತೇವೆ ಎನ್ನುವವರು ಟ್ರಸ್ಟಿಗೆ ಗಂಟುಬಿದ್ದಿದ್ದರು. ಟ್ರಸ್ಟಿನ ಶಾಲೆಗೆ ಚಾವಣಿ ಸೋರುತ್ತಿತ್ತು. ದೇಸಾಯರು ಕೆಟ್ಟವರಲ್ಲ, ಆದರೆ ಶಾಲೆಯ ಚಾವಣಿ ಅವರ ತಲೆಯ ಮೇಲೆಯೇ ಸೋರುವ ಹಾಗೆ ಒದ್ದಾಡುತ್ತಿದ್ದರು. ವಿಜಯಾಳನ್ನು ಕರೆದು ನೇರವಾಗಿ ಕೇಳಿದರು.

"ಈ ಹಳೆ ಕಾಡು ಇನ್ನೂ ಬೆಳೀಲಿಕ್ಹತ್ತೇದೋ, ಬೆಳೆಯೋದು ನಿಂತದೋ, ಅಷ್ಟು ಹೇಳವ್ವ. ಬೆಳೀತಿದ್ರ ಇಟ್ಗೋತೀವಿ. ನಿಂತಿದ್ರ ದೊಡ್ಡ ಮರ ಮಾರಿ, ಜಲ್ದಿ ಬೆಳೆಯೋವು ಹಚ್ಚತೀವಿ."

ಗದಿಗೆಪ್ಪ ಬಾಗಿಲ ಬಳಿ ನಿಂತು ಇದನ್ನು ಕೇಳಿದ. ನಾನು ಅವನ ಸೊಂಟದಲ್ಲಿದ್ದೆ.

ಮೊದಲ ಎರಡು ಚೌಕಗಳ ಅಳತೆ ಮುಗಿದಾಗ ವಿಜಯಾಳ ಮುಖ ಅರಳಿತ್ತು. ಮರಗಳು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ದಪ್ಪವಾಗಿದ್ದವು. ಅಂದೇ ದೇಸಾಯರಿಗೆ ಫೋನು ಮಾಡಿ ಕಾಡು ಚೆನ್ನಾಗಿ ಬೆಳೆಯುತ್ತಿದೆ ಎಂದಳು. ಅವರೂ ಸಂತೋಷಪಟ್ಟರು. ಗದಿಗೆಪ್ಪ ಮನೆಗೆ ಹೋಗಿ ನೀಲವ್ವನ ಮುಂದೆ ತಾನೇ ಆ ಮರಗಳನ್ನು ಹೆತ್ತವನ ಹಾಗೆ ಹೇಳಿಕೊಂಡ.

ಮೂರನೆಯ ಚೌಕದಲ್ಲಿ ಮಳೆ ಬಂತು. ಟೇಪು ಜಾರುತ್ತದೆಂದು ವಿಜಯಾ ಅದನ್ನು ಅಂಗೈಯಿಂದ ಒತ್ತಿ ಹಿಡಿದಳು. ಇಲ್ಲಿಯವರೆಗೆ ತೊಗಟೆಯ ಗಂಟೆಂದು ಗಮನಿಸದೆ ಬಿಟ್ಟಿದ್ದ ಉಬ್ಬು ಅಂಗೈಗೆ ಸಿಕ್ಕಿತು. ತಗಡು ಇದ್ದಲ್ಲಿ ಮರ ಮೊಳೆಯನ್ನು ನುಂಗಿ, ಗಾಯ ಮುಚ್ಚಿಕೊಳ್ಳಲು ಸುತ್ತ ದಪ್ಪನೆಯ ತುಟಿ ಕಟ್ಟಿತ್ತು. ಅವಳು ಒಂದು ಗೇಣು ಮೇಲೆ ಅಳೆದಳು. ಅಲ್ಲಿ ಮರ ಎಳ್ಳಷ್ಟು ಮಾತ್ರ ಬೆಳೆದಿತ್ತು. ಪಕ್ಕದ ಮರಕ್ಕೆ ಹೋದಳು. ಅಲ್ಲೂ ಅದೇ ಕಥೆ. ಬೆಳೆದದ್ದು ಮರ ಅಲ್ಲ, ಗಾಯ. ಅವಳು ಟೇಪು ಸುತ್ತಿ ಬೇರಿನ ಮೇಲೆ ಕುಳಿತುಬಿಟ್ಟಳು.

"ಗೆರಿ ಮ್ಯಾಲೇ ಹೊಡದೀರೇನ್ರಿ ಎಲ್ಲಾನೂ?"

"ಗುರುತು ಎದಿ ಮಟ್ಟಕ್ಕನ ಅಲ್ಲೇನವ್ವ ಹೊಡೆಯೂದು?"

"ಮೊಳಿ ಗೆರಿಗಿಂತ ಮ್ಯಾಲೆ ಇರಬೇಕಿತ್ರಿ. ತಲಿ ಹೊರಗ ಬಿಟ್ಟು ಹೊಡೀಬೇಕಿತ್ತು. ನಾನೂ ನೋಡ್ಲಿಲ್ಲ, ಹೇಳ್ಲಿಲ್ಲ."

ಆಮೇಲೆ ಅವಳು ವಿವರಿಸಿದಳು. ಉಬ್ಬಿನ ಅಳತೆ ಕೊಟ್ಟರೆ ಕಾಡು ಉಳಿಯುತ್ತದೆ. ಸರಿ ಅಳತೆ ಕೊಟ್ಟರೆ ಕಾಡು ಬೆಳೆಯುತ್ತಿಲ್ಲ ಎಂದಾಗುತ್ತದೆ. ಗದಿಗೆಪ್ಪ ಮರದ ತುಟಿಯ ಮೇಲೆ ಕೈಯಾಡಿಸಿದ. ಅವನಿಗೆ ಆ ಕಾಡು ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತು, ಆದ್ದರಿಂದ ಮುಂದಿನ ಮಾತು ಕೇಳಿ ನನಗೇ ಕಸಿವಿಸಿಯಾಯಿತು.

"ನನ್ನ ಕೈ ತಪ್ಪು ಮರದ ಹೆಸರಿಗೆ ಬರೀಬ್ಯಾಡವ್ವ. ಖರೆ ಎಷ್ಟೈತಿ ಅಷ್ಟ ಬರಿ."

ಅವಳು ಎಲ್ಲ ಮರಗಳನ್ನೂ ಉಬ್ಬಿನ ಮೇಲೆ ಮತ್ತೆ ಅಳೆದಳು. ಹೊಸ ಲೆಕ್ಕ ಹಿಡಿದುಕೊಂಡು ದೇಸಾಯರ ಮುಂದೆ ಕುಳಿತು ಅರ್ಧ ದಿನ ವಾದಿಸಿದಳು. ಈ ಕಾಡು ನಿಧಾನ ಬೆಳೆಯುತ್ತದೆ, ಆದರೆ ಎರಡು ನೂರು ವರ್ಷ ಕೂಡಿಟ್ಟದ್ದು ಇದರ ಹೊಟ್ಟೆಯಲ್ಲಿದೆ ಎಂದಳು. ಒಂದು ಹಳೆ ಮತ್ತಿಯಲ್ಲಿ ಇರುವುದು ಇಲಾಖೆಯ ದಂಡೆಯ ನೂರಾರು ತೆಳ್ಳನೆಯ ಸಾಗವಾನಿಗಳಲ್ಲೂ ಇಲ್ಲ ಎಂದಳು. ಕಡಿದರೆ ಮಣ್ಣು ಬಿಸಿಲಿಗೆ ತೆರೆದು ಮಣ್ಣಿನಲ್ಲಿ ಇರುವುದೂ ಹೋಗುತ್ತದೆ, ಹೊಸ ಗಿಡಗಳು ಆ ನಷ್ಟ ತುಂಬಲು ಮೊಮ್ಮಕ್ಕಳ ಕಾಲ ಬೇಕು, ಅದೂ ನಡುವೆ ಬೆಂಕಿ ಬೀಳದಿದ್ದರೆ, ಮಳೆ ಕೈಕೊಡದಿದ್ದರೆ. ದೇಸಾಯರು ಎಲ್ಲ ಕೇಳಿದರು.

"ನೀ ಹೇಳೋದು ತಿಳೀತು ನನಗ. ಆದ್ರ ಕೂಡಿಟ್ಟದ್ದಕ್ಕ ಯಾರೂ ಬೆಲೆ ಕೊಡೋದಿಲ್ಲಂತವ್ವ. ಹೊಸದಾಗಿ ಬೆಳದದ್ದಷ್ಟೇ ಲೆಕ್ಕಕ್ಕ ಹಿಡೀತಾರಂತ. ಇರೋದನ್ನ ಇಟ್ಟುಕೊಂಡು ಕೂತವರಿಗೆ ಏನೂ ಇಲ್ಲ."

ಮರ ಕಡಿಯುವ ಅನುಮತಿಗೆ ಅರ್ಜಿ ಹಾಕುವ ಮೊದಲು ಮರ ನೋಡಲೆಂದು ಕಟ್ಟಿಗೆ ಕೊಯ್ಯುವ ಅಡ್ಡೆಯ ಸಾಹುಕಾರರೊಬ್ಬರು ಬಂದರು. ಕಾಡು ತೋರಿಸಲು ದೇಸಾಯರು ಗದಿಗೆಪ್ಪನಿಗೇ ಹೇಳಿ ಕಳಿಸಿದ್ದರು. ವಿಜಯಾ ಧಾರವಾಡಕ್ಕೆ ಹೋಗಿಯಾಗಿತ್ತು. ಸಾಹುಕಾರ ಮರ ನೋಡುವ ರೀತಿ ನನಗೆ ಪರಿಚಯದ್ದೇ. ಬುಡ ನೋಡು, ನೇರ ನೋಡು, ತಲೆ ನೋಡು. ನಡೆಯುತ್ತ ನಡೆಯುತ್ತ ಅವರು ಒಂದು ಚೌಕದೊಳಗೆ ಬಂದು ಮರದ ಉಬ್ಬಿನ ಮುಂದೆ ನಿಂತರು. ಅಂಚಿನಲ್ಲಿ ಚೂರು ತಗಡು ಇಣುಕುತ್ತಿತ್ತು.

"ಏನಿದು? ಒಳಗ ಮೊಳಿ ಐತೇನು?"

"ಐತ್ರಿ."

"ಕಬ್ಬಿಣದ್ದೋ?"

"ಕಬ್ಬಿಣದ್ದರಿ. ತಲಿಮಟ ಹೊಡದೇನಿ."

ಸಾಹುಕಾರ ಹಣೆಗೆ ಕೈ ಹಚ್ಚಿಕೊಂಡರು. ಮರದೊಳಗೆ ಕಬ್ಬಿಣ ಇದ್ದರೆ ಗರಗಸದ ಪಟ್ಟಿಯ ಹಲ್ಲು ಉದುರುತ್ತದೆ. ಪಟ್ಟಿ ತುಂಡಾಗಿ ಹಾರಿದರೆ ಮುಂದೆ ನಿಂತ ಆಳಿನ ಗತಿ ಏನು ಎಂದು ಹೇಳುವುದು ಬೇಡ. ಯಾವ ಅಡ್ಡೆಯವರೂ ಮೊಳೆ ತಿಂದ ಮರ ಮುಟ್ಟುವುದಿಲ್ಲ. ಅವರು ಗದಿಗೆಪ್ಪನ ಕಡೆ ತಿರುಗಿದರು.

"ಯಾವ ಮರಕ್ಕ ಹೊಡದೀ, ಯಾವುದಕ್ಕ ಬಿಟ್ಟೀ, ತೋರಸು. ಬಿಟ್ಟದ್ದನ್ನ ನಾ ಒಯ್ತೀನಿ."

ಇಲ್ಲಿ ಒಂದು ಮಾತು ಹೇಳಬೇಕು. ನಾವು ಮೊಳೆ ಹೊಡೆದದ್ದು ಚೌಕಗಳೊಳಗೆ ಮಾತ್ರ. ಚೌಕಗಳು ಇಡೀ ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು. ಉಳಿದ ಮರಗಳ ಮೈಯಲ್ಲಿ ಕಬ್ಬಿಣದ ಸುಳಿವೇ ಇರಲಿಲ್ಲ. ಇದು ಗದಿಗೆಪ್ಪನಿಗೆ ಗೊತ್ತು, ನನಗೆ ಗೊತ್ತು. ಅವನು ಕೆಲಸದಲ್ಲಿದ್ದ ಅಷ್ಟೂ ವರ್ಷ ಒಂದೂ ಸುಳ್ಳು ಗುರುತು ಹಾಕಿದವನಲ್ಲ. ಮೊನ್ನೆ ಮೊನ್ನೆ ತನ್ನ ಕಾಡಿಗೇ ಮುಳುವಾಗುವ ಸತ್ಯ ಹೇಳಿಸಿದವನು. ಈಗ ಅವನು ನನ್ನ ಹಿಡಿಕೆಯ ಮೇಲೆ ಕೈ ಇಟ್ಟ.

"ಎಲ್ಲಾದಕ್ಕೂ ಹೊಡದೇನ್ರಿ."

"ಎಲ್ಲಾದಕ್ಕೂ? ಇಡೀ ಗುಡ್ಡಕ್ಕ?"

"ಹೌದ್ರಿ. ಹೊಡೆಯೂ ಮುಂದ ಕೈ ತಡೀಲಿಲ್ಲ ನೋಡ್ರಿ."

ಸಾಹುಕಾರ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಇನ್ನೊಮ್ಮೆ ಯಂತ್ರ ತಂದು ಪರೀಕ್ಷೆ ಮಾಡಿಸುತ್ತೇನೆ, ಸುಳ್ಳಾಗಿದ್ದರೆ ದೇಸಾಯರಿಗೆ ಹೇಳುತ್ತೇನೆ ಎಂದು ಗೊಣಗಿ ಜೀಪು ಹತ್ತಿದರು. ಕಬ್ಬಿಣ ಹುಡುಕುವ ಯಂತ್ರ ಇದೆ ಎಂಬುದು ಗದಿಗೆಪ್ಪನಿಗೆ ಆಗಲೇ ತಿಳಿದದ್ದು. ಅವನು ಅಲ್ಲೇ ನಿಂತ. ಹೆದರಿದ್ದ, ಅದರಲ್ಲಿ ಮುಚ್ಚುಮರೆ ಇಲ್ಲ.

ಮರುದಿನ ಬೆಳಗ್ಗೆ ಚಹಾ ಕುಡಿದು, ಮನೆಯಲ್ಲಿದ್ದ ಮೊಳೆಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡು ನನ್ನನ್ನು ಎತ್ತಿಕೊಂಡ. ದಾರಿಯಲ್ಲಿ ಪೇಟೆಗೆ ಹೋಗಿ ಇನ್ನಷ್ಟು ಕೊಂಡ. ರಸ್ತೆಯ ಬದಿಯಿಂದ ಶುರುಮಾಡಿದ. ಒಂದು ಮರದ ಮುಂದೆ ನಿಂತ, ರೂಢಿಯಂತೆ ಕೈ ಎದೆಗೆ ಹೋಯಿತು. ಕೈ ಕೆಳಗಿಳಿಸಿ, ನಿಧಾನ ಮಂಡಿಯೂರಿ ಕುಳಿತು ಬುಡಕ್ಕೆ ಹೊಡೆದ. ವಯಸ್ಸಾದ ಮಂಡಿ. ಪ್ರತಿ ಸಲ ಏಳುವಾಗ ಮರವನ್ನೇ ಹಿಡಿದುಕೊಂಡು ಏಳಬೇಕಿತ್ತು. ಮರಕ್ಕೆ ನೋವಾಗುವುದಿಲ್ಲವೇ ಎಂದರೆ, ಆಗುತ್ತದೆ. ಅವನಿಗೂ ಆಗುತ್ತಿತ್ತು. ಆ ದಿನ, ಮರುದಿನ, ಅದರಾಚೆಯ ದಿನಗಳಲ್ಲೂ ಹೋದೆವು. ನನ್ನ ಹಿಡಿಕೆ ಸೀಳು ಬಿಟ್ಟಿತು. ತಂತಿ ಸುತ್ತಿ ಮತ್ತೆ ಹೊಡೆದ. ಜೀವಮಾನದಲ್ಲಿ ಅಷ್ಟು ಸಂಕಟದಿಂದ ನಾನು ಎಂದೂ ಕೆಲಸ ಮಾಡಿರಲಿಲ್ಲ.

ಕೊಬ್ಬರಿ ಒಡೆಯಲು ಸುತ್ತಿಗೆ ಸಿಗದೆ ನೀಲವ್ವ ತರಾಟೆಗೆ ತೆಗೆದುಕೊಂಡಳು.

"ಮನ್ಯಾಗಿನ ಮೊಳಿ ಎಲ್ಲಾ ಎಲ್ಲಿ ಒಯ್ದಿ?"

"ಆಡಿದ ಮಾತು ಖರೆ ಮಾಡಾಕ ಬೇಕಾದುವು."

ಯಂತ್ರ ಬಂತು. ರಸ್ತೆಯ ಪಕ್ಕದ ಸಾಲಿನಲ್ಲಿ ಹಿಡಿದು ನೋಡಿದರು, ಹಿಡಿದಲ್ಲೆಲ್ಲ ಕೂಗಿತು. ಗುಡ್ಡದ ಒಳಗೂ ಸ್ವಲ್ಪ ದೂರ ಹೋದರು, ಅಲ್ಲೂ ಕೂಗಿತು. ಅದರಾಚೆ ನಾವು ತಲುಪಿರಲಿಲ್ಲ, ಅವರೂ ಹೋಗಲಿಲ್ಲ. ಈ ಕಾಡು ಉಪಯೋಗಕ್ಕೆ ಬಾರದ್ದು ಎಂದು ಸಾಹುಕಾರ ದೇಸಾಯರಿಗೆ ಹೇಳಿದರು. ಸುದ್ದಿ ಬೇರೆ ಅಡ್ಡೆಗಳಿಗೂ ಹೋಯಿತು. ಮರ ಮಾರದೆ ಗಿಡ ನೆಡುವ ಮಾತು ಏಳಲಿಲ್ಲ. ಶಾಲೆಯ ಚಾವಣಿಗೆ ದೇಸಾಯರು ಹಳೆ ವಿದ್ಯಾರ್ಥಿಗಳ ಮುಂದೆ ಕೈಚಾಚಬೇಕಾಯಿತು. ಗದಿಗೆಪ್ಪನನ್ನು ಅವರು ಏನೂ ಕೇಳಲಿಲ್ಲ, ಆದರೆ ಮುಂಚಿನ ಹಾಗೆ ಮಾತಾಡಿಸಲೂ ಇಲ್ಲ.

ಈಗ ನಾನು ಗದಿಗೆಪ್ಪನ ಮನೆಯ ಗೂಡಿನಲ್ಲಿ ಇದ್ದೇನೆ. ಹಿಡಿಕೆ ಪೂರ್ತಿ ಸೀಳಿದೆ, ಕೊಬ್ಬರಿಗೂ ಒದಗುವುದಿಲ್ಲ. ಇಲ್ಲಿಂದ ಯೋಚಿಸಿದರೆ, ನಾನು ಎತ್ತಿ ಒತ್ತಿದ ಮುದ್ರೆಗಳಿಗೆ ಲೆಕ್ಕವಿಲ್ಲ, ಅವು ಬಿದ್ದ ಮರಗಳಲ್ಲಿ ಒಂದೂ ಇಂದು ನಿಂತಿಲ್ಲ. ಕೂಡಿಡುವುದಕ್ಕೆ ಎರಡು ನೂರು ವರ್ಷ ಹಿಡಿದದ್ದನ್ನು ಒಂದು ಪೆಟ್ಟಿನಿಂದ ಖಾಲಿ ಮಾಡುವ ಕೆಲಸವನ್ನು ನಾನು ಹೆಮ್ಮೆಯಿಂದ ಮಾಡಿದೆ. ಕೊನೆಯ ಕೆಲವು ದಿನಗಳ ಕೆಲಸದ ಬಗ್ಗೆ ನನಗೆ ಹೆಮ್ಮೆ ಇಲ್ಲ, ಸಮಾಧಾನ ಇದೆ.

ಗೂಡು ಸೇರುವ ಮುಂಚೆ ಕಡೆಯದಾಗಿ ನಾನು ಕಾಡಿಗೆ ಹೋದದ್ದು ವಿಜಯಾಳ ಮುಂದಿನ ಅಳತೆಗೆ. ಗದಿಗೆಪ್ಪನಿಗೆ ಆಗ ಕೋಲು ಬಂದಿತ್ತು, ಆದರೂ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದ. ಚೌಕಗಳ ಕೆಲಸ ಮುಗಿಸಿ ರಸ್ತೆಯ ಕಡೆ ಇಳಿಯುವಾಗ ಅವಳು ಒಂದು ಮತ್ತಿಯ ಮುಂದೆ ನಿಂತಳು. ಬುಡದಲ್ಲಿ ತುಕ್ಕಿನ ಕೆಂಪು ಗೆರೆ ಇಳಿದಿತ್ತು. ಪಕ್ಕದ ಮರ ನೋಡಿದಳು, ಅದರ ಪಕ್ಕದ್ದು ನೋಡಿದಳು. ಇವು ಯಾವ ಚೌಕಕ್ಕೂ ಸೇರಿದ ಮರಗಳಲ್ಲ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಅವಳು ತಿರುಗಿ ಗದಿಗೆಪ್ಪನನ್ನು ನೋಡಿದಳು. ಅವನು ಮರದ ತಲೆಯಲ್ಲಿ ಯಾವುದೋ ಹಕ್ಕಿ ಹುಡುಕುತ್ತಿದ್ದ.

"ಗದಿಗೆಪ್ಪಣ್ಣ, ಇವನ್ನ ಎದಿ ಮಟ್ಟಕ್ಕೂ ಹೊಡದೀರೇನು?"

"ಇಲ್ಲವ್ವ. ಈ ಸಲ ಬುಡಕ್ಕ ಅಷ್ಟ ಹೊಡದೇನಿ. ನಿನ್ನ ಅಳತಿಗೆ ಅಡ್ಡಿ ಆಗಬಾರದಂತ."

ಅವಳು ಕಾಲಿನಿಂದ ತರಗೆಲೆ ದೂಡಿ ಆ ಕೆಂಪು ಗೆರೆಯನ್ನು ಮುಚ್ಚಿದಳು. ಆಮೇಲೆ ಅವನ ತೋಳು ಹಿಡಿದು ಇಳಿಜಾರು ಇಳಿಸಿದಳು.